ಸೆಂಪರ್ವೈವಮ್ ಮರಿ ಈಗಲೇ ಬಿಡಿಸಲಾ, ಮಳೆ ಕಳೆಯಲಿ ಅಂತ ಕಾಯಲಾ?

ಮಡಿಕೇರಿ ಜಗಲಿ: ಊಟಿಯಿಂದ ತಂದ ಸೆಂಪರ್ವೈವಮ್ (ಗುಲಾಬಿ ಹೂವಿನ ಹಾಗೆ ದಪ್ಪ ಎಲೆ ಸುತ್ತಿಕೊಂಡ ಗಿಡ) ಸುತ್ತ ಬಳ್ಳಿ ತುದಿಯಲ್ಲಿ ಮರಿ ಬಂದಿವೆ. ಇನ್ನೊಂದು ದಪ್ಪ ಎಲೆಯ ಗಿಡ ಹಾವರ್ತಿಯಕ್ಕೂ ಮರಿ ಉಂಟು. ಮೇ ಮುಗೀತಾ ಬಂತು. ಶೀಟ್ ಮಾಡು ಇಲ್ಲ, ಓಪನ್ ಜಗಲಿ ಮಾತ್ರ. ಮಾಡಿ ನೋಡಿದವರು ಅನುಭವ ಹೇಳಿ.

ಭಾಗಮಂಡಲ ಮಳೆ: ಶೀಟ್ ಇಲ್ಲದೆ ಈ ಮಾತೇ ಬೇಡ ಮಾರಾಯ್ರೆ. ನಾನು ಜಿಐ ಪೈಪಿಗೆ 14,500, ಇನ್ನೂರು ಮೈಕ್ರಾನ್ ಪ್ಲಾಸ್ಟಿಕ್ ಶೀಟಿಗೆ 3,800, ವೆಲ್ಡಿಂಗಿನವನಿಗೆ 2,600 ಕೊಟ್ಟೆ. ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಗಾಳಿಗೆ ಶೀಟ್ ಹರಿದು ಪಕ್ಕದ ತೋಟದ ಸಿಲ್ವರ್ ಮರಕ್ಕೆ ಸಿಕ್ಕಿಕೊಂಡಿತು. ಇಳಿಸಲು ಮರ ಹತ್ತಿದವನಿಗೆ 500. ಹೊಸ ಶೀಟಿಗೆ ಮತ್ತೆ 3,800. ಅಷ್ಟಾದರೂ ಅರ್ಧ ಮರಿ ಕೊಳೆತವು. ಮೇಲಿಂದ ಬೀಳುವ ನೀರನ್ನು ತಡೆಯಬಹುದು, ಬದಿಯಿಂದ ನುಗ್ಗುವ ಮಂಜನ್ನು ಹೇಗೆ ತಡೀತೀರಿ? ಎಲೆಸುತ್ತಿನ ನಡುವೆ ನೀರು ಕೂತರೆ ವಾರಗಟ್ಟಲೆ ಆರುವುದಿಲ್ಲ. ಹಿಮದಡಿ ಮಲಗಿ ಎದ್ದು ಬರುವ ಗಿಡವಂತೆ. ಚಳಿ ಯಾರು ಕೇಳಿದ್ರು!

ಕುಶಾಲನಗರ ಟೆರೇಸ್: ಖರ್ಚಿನ ಪಟ್ಟಿ ಓದಿ ನಗು ಬಂತು. ನನ್ನದು ಶೀಟೂ ಇಲ್ಲ, ಪೈಪೂ ಇಲ್ಲ. ಮರಿ ಕೀಳ್ತೇನೆ, ನೆರಳಲ್ಲಿ ಗಾಯ ಒಣಗಿಸ್ತೇನೆ, ದಪ್ಪ ಮರಳು, ಇಟ್ಟಿಗೆ ಚೂರು, ಇದ್ದಿಲು ಸೇರಿಸಿ ಇಡ್ತೇನೆ. ಬೇರು ಹಿಡಿಯುವ ತನಕ ನೀರಿಲ್ಲ. ಒಂದೊಂದು ಎಲೆ ಕಿತ್ತು ಹಾಕಿದರೂ ಗಿಡ ಆಗ್ತದೆ.

ಭಾಗಮಂಡಲ ಮಳೆ: ಎಲೆಯಿಂದ ಗಿಡ ಆಯ್ತಾ? ಹಾಗಾದರೆ ನಿಮ್ಮದು ಸೆಂಪರ್ವೈವಮ್ಮೇ ಅಲ್ಲ, ಅದರ ಹಾಗೇ ಕಾಣುವ ಎಚಿವೇರಿಯ. ಸೆಂಪರ್ವೈವಮ್ ಎಲೆಯಿಂದ ಸುಲಭಕ್ಕೆ ಬರುವ ಜಾತಿ ಅಲ್ಲ, ಬಳ್ಳಿ ಬಿಟ್ಟು ಮರಿ ಹಾಕುವುದು. ಮತ್ತೆ ಕುಶಾಲನಗರದಲ್ಲಿ ಬೀಳುವುದನ್ನು ಮಳೆ ಅಂತಲೂ ಕರೀಬೇಡಿ.

ಶಾಂತಳ್ಳಿ ತೋಟ: ಮರಿ ಬಿಡಿ, ನನ್ನ ತಾಯಿ ಗಿಡವೇ ಸತ್ತಿತು. ನಡುವಿನಿಂದ ದಂಟು ಎದ್ದಾಗ ಮನೆಯವರೆಲ್ಲ ಫೋಟೋ ತೆಗೆದೆವು. ಹೂ ಬಾಡಿತು, ಗಿಡವೂ ಬಾಡಿತು. ಅದು ಒಮ್ಮೆ ಹೂ ಬಿಟ್ಟು ಸಾಯುವ ಜಾತಿ, ಬೇಲಿ ಕತ್ತಾಳೆ ಹಾಗೆ. ಮಾರಿದವನು 350 ರೂಪಾಯಿ ಎಣಿಸಿಕೊಂಡು 'ಇದಕ್ಕೆ ಸಾವೇ ಇಲ್ಲ' ಅಂದಿದ್ದ. ಮರಿಗಳ ಮೇಲೆ ಮೆಣಸಿಗೆ ಮಾಡಿದ ಶೇಕಡಾ 1ರ ಬೋರ್ಡೋ (ಮೈಲುತುತ್ತು, ಸುಣ್ಣದ ದ್ರಾವಣ) ಹೊಡೆದೆ. ಉಳಿದಿವೆ, ಯಾರು ಏನೇ ಹೇಳಲಿ.

ಕುಶಾಲನಗರ ಟೆರೇಸ್: ಬೋರ್ಡೋನಾ! ಸುಣ್ಣ ಬಳಿದ ಗೋಡೆ ಹಾಗೆ ಕಾಣುವ ಗಿಡ ಯಾರಿಗೆ ಬೇಕು?

ಶಾಂತಳ್ಳಿ ತೋಟ: ಕೊಳೆತದ್ದಕ್ಕಿಂತ ಚಂದವೇ ಉಂಟು. ಅದಿರಲಿ, ನಿಮಗೆ ದಪ್ಪ ಮರಳು ಎಲ್ಲಿಂದ? ನಮಗೆ ಸಿಗುವುದು ಕಲ್ಲು ಪುಡಿ ಮಾಡಿದ ಎಂ-ಸ್ಯಾಂಡ್. ಜರಡಿ ಹಿಡಿದು ದೂಳು ತೆಗೆಯದಿದ್ದರೆ ಕುಂಡದಲ್ಲಿ ಸಿಮೆಂಟಿನ ಹಾಗೆ ಕೂರ್ತದೆ. ಹೊಳೆಯಿಂದ ಹೊತ್ತು ತಂದಿರಾ?

ಕುಶಾಲನಗರ ಟೆರೇಸ್: ಮನೆ ಕಟ್ಟುವಾಗ ಬಿಲ್ ಕೊಟ್ಟು ತರಿಸಿದ್ದು. ಉಳಿದದ್ದು ಅಂಗಳದಲ್ಲಿದೆ. ಬಿಲ್ ಬೇಕಾ?

ಶಾಂತಳ್ಳಿ ತೋಟ: ತೋರಿಸಿ ನೋಡುವ.

ವಿರಾಜಪೇಟೆ ಅಕ್ಕ: ಮರಳಿನ ಪಂಚಾಯಿತಿಕೆ ಆಮೇಲೆ ಮಾಡಿ. ಯುರೋಪಿನಲ್ಲಿ ಸಿಡಿಲು ಬಡಿಯದಿರಲಿ ಅಂತ ಸೆಂಪರ್ವೈವಮ್ಮನ್ನು ಮನೆ ಮಾಡಿನ ಮೇಲೇ ನೆಡ್ತಿದ್ದರು. ಆ ಭರವಸೆಯಲ್ಲಿ ನಾನೂ ಹಳೇ ಹಂಚಿನ ಮೇಲಿಟ್ಟೆ. ಪಾಚಿ ಗೆದ್ದಿತು. ಹಾವರ್ತಿಯ ಮಾತ್ರ ನನ್ನ ಕೈಬಿಟ್ಟಿಲ್ಲ. ದಕ್ಷಿಣ ಆಫ್ರಿಕಾದ್ದು, ಹಿಮ ತಡೆಯಲ್ಲ, ಆದರೆ ಬೆಳಕಿರುವ ನೆರಳು ಸಾಕು. ಕುಂಡ ಮಗುಚಿ ಬೇರು ಸಮೇತ ಮರಿ ಬಿಡಿಸ್ತೇನೆ. ಬೇರಿಲ್ಲದ್ದನ್ನು ತಾಯಿ ಹತ್ತಿರವೇ ಬಿಡ್ತೇನೆ. ಎಲೆ ಸಂದಿಯ ಹಿಟ್ಟು ತಿಗಣೆ ನೋಡಿಕೊಳ್ಳಬೇಕು. ಒಮ್ಮೆ ಅದು ಹತ್ತಿ ನಲವತ್ತು ಕುಂಡದ ಮಣ್ಣು ಬಿಸಾಡಿ 2,200 ರೂಪಾಯಿಗೆ ಹೊಸ ಸಾಮಾನು ತಂದೆ. ಆ ಕುಂಡಗಳನ್ನು ನನಗೆ ಉಡುಗೊರೆ ಕೊಟ್ಟವರು ಇಲ್ಲೇ ಓದ್ತಾ ಇರಬಹುದು.

ಭಾಗಮಂಡಲ ಮಳೆ: ಟೆರೇಸಿನವರೇ, ಜುಲೈಯಲ್ಲಿ ಒಂದು ಟ್ರೇ ಮರಿ ಕೊಡ್ತೇನೆ. ನಮ್ಮ ಜಗಲಿಯಲ್ಲಿ ಶೀಟಿಲ್ಲದೆ ಉಳಿಸಿ ತೋರಿಸಿ. ಪೆಟ್ರೋಲ್ ಖರ್ಚು ನನ್ನದು.

ಕುಶಾಲನಗರ ಟೆರೇಸ್: ಪೆಟ್ರೋಲ್ ಬೇಡ. ಗಾಳಿಗೆ ಬಗ್ಗಿದ ಪೈಪೇನಾದ್ರೂ ಇದ್ದರೆ ಕೊಡಿ, ಟೊಮೆಟೊಗೆ ಆಸರೆ ಬೇಕಿತ್ತು.