ಮೊದಲ ಹಳೆಯ ಫೋರ್ ವೀಲ್ ಗಾಡಿ: ಎಂಎಂ 540 ಕೊಳ್ಳಲೇ, ಜಿಪ್ಸಿ ಕೊಳ್ಳಲೇ?

ಅಡಿಕೆಸೋಗೆ:

ತೀರ್ಥಹಳ್ಳಿ ಕಡೆಯವನು, ಕೆಲಸ ಬೆಂಗಳೂರಿನಲ್ಲಿ. ಡಾಂಬರು ರಸ್ತೆಯಿಂದ ನಮ್ಮ ಮನೆಗೆ ಒಂದೂವರೆ ಕಿಲೋಮೀಟರ್ ಮಣ್ಣಿನ ದಾರಿ. ನಡುವೆ ಒಂದು ಹಳ್ಳ, ಅದು ದಾಟಿದರೆ ಜಾರುವ ಏರು. ಮಳೆಗಾಲದಲ್ಲಿ ಕಾರು ಹಳ್ಳದ ಈಚೆಗೇ ನಿಲ್ಲುತ್ತದೆ, ಗ್ಯಾಸ್ ಸಿಲಿಂಡರನ್ನು ಹೆಗಲ ಮೇಲೆ ಒಯ್ಯುತ್ತೇವೆ. ನಾಲ್ಕೂ ಚಕ್ರ ಎಳೆಯುವ ಹಳೆಯ ಫೋರ್ ವೀಲ್ ಗಾಡಿ ಕೊಳ್ಳಬೇಕೆಂದಿದ್ದೇನೆ. ಅರ್ಧ ಅವಶ್ಯಕತೆ, ಅರ್ಧ ಹುಚ್ಚು ಎಂದು ಈಗಲೇ ಒಪ್ಪಿಕೊಂಡುಬಿಡುತ್ತೇನೆ. ರಿಪೇರಿಯೂ ಸೇರಿ ನಾಲ್ಕು ಲಕ್ಷ ದಾಟುವಂತಿಲ್ಲ.

ಎರಡು ಗಾಡಿ ಕಣ್ಣಿಗೆ ಬಿದ್ದಿವೆ. ಒಂದು 1994ರ ಮಹೀಂದ್ರ ಎಂಎಂ 540: ಹೊಸದಾಗಿ ಹೊಡೆದ ಮಿಲಿಟರಿ ಹಸಿರು ಬಣ್ಣ, ದಪ್ಪ ಟೈರು, ಮುಂದೆ ವಿಂಚ್ (ಹೂತ ಗಾಡಿ ಎಳೆಯುವ ಹಗ್ಗದ ರಾಟೆ). ದೆಹಲಿ ನೋಂದಣಿ, ಬೇರೆ ರಾಜ್ಯಕ್ಕೆ ಒಯ್ಯಲು ಬೇಕಾದ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಕೈಯಲ್ಲಿದೆಯಂತೆ. 3.6 ಲಕ್ಷ ಕೇಳುತ್ತಿದ್ದಾರೆ. ಇನ್ನೊಂದು 1998ರ ಮಾರುತಿ ಜಿಪ್ಸಿ, ಕೆಎ 13 ನೋಂದಣಿ. ಬಿಳಿ ಬಣ್ಣ ಮಾಸಿದೆ, ಟಾಪು ಹರಿದಿದೆ. ಕಾಫಿ ಬೆಳೆಗಾರರೊಬ್ಬರದು, 2.9 ಲಕ್ಷ.

ನನಗೆ ಟೈರು ಬದಲಿಸುವುದು ಬಿಟ್ಟರೆ ಬೇರೇನೂ ಬರುವುದಿಲ್ಲ. ನೋಡಲು ಹೋದಾಗ ಏನನ್ನು ನೋಡಬೇಕು?

ಘಟ್ಟದ_ಕೆಳಗಿನವ:

ಕಣ್ಣು ಮುಚ್ಚಿ ಜಿಪ್ಸಿ ತೆಗೆದುಕೊಳ್ಳಿ. ಹಗುರ ಗಾಡಿ, ಕೆಸರಿನ ಮೇಲೆ ತೇಲಿದಂತೆ ಹೋಗುತ್ತದೆ. 1998ರದು ಎಂದರೆ 1298 ಸಿಸಿಯ ಕಾರ್ಬುರೇಟರ್ ಎಂಜಿನ್. ಲೀಟರಿಗೆ ಹತ್ತರ ಆಸುಪಾಸು ಸಿಕ್ಕಿದರೆ ದೇವರಿಗೆ ಕೈಮುಗಿಯಿರಿ. ಹಿಂದಿನ ಸೀಟಿನಲ್ಲಿ ಮಾತ್ರ ಅತ್ತೆ ಮಾವನನ್ನು ಕೂರಿಸಬೇಡಿ, ಸಂಬಂಧ ಕೆಡುತ್ತದೆ.

ಹಳೇಪಾನಾ_ಸಕಲೇಶಪುರ:

ಕಣ್ಣು ಮುಚ್ಚಿ ಏನನ್ನೂ ತೆಗೆದುಕೊಳ್ಳಬೇಡಿ. ಹಸಿರು ಬಣ್ಣ, ದಪ್ಪ ಟೈರು, ವಿಂಚ್ ಈ ಮೂರನ್ನೂ ಮನಸ್ಸಿನಲ್ಲೇ ಕಳಚಿಟ್ಟು, ಆಮೇಲೆ ಆ ಜೀಪಿನಲ್ಲಿ ಏನು ಉಳಿಯುತ್ತದೆ ನೋಡಿ. ಮಾರುವವರು ಹಣ ಸುರಿಯುವುದು ಮೊದಲು ಕಣ್ಣಿಗೆ ಬೀಳುವ ಕಡೆಗೆ. ಹೊಸ ಬಣ್ಣದ ಹಳೆಯ ಜೀಪು ಕಂಡರೆ ನನಗೆ ಗುಮಾನಿಯೇ ಹೆಚ್ಚು. ತೋಟದಲ್ಲಿ ದುಡಿದ ಗಾಡಿಗೆ ತರಚು, ತಗ್ಗು, ಗೊಬ್ಬರದ ವಾಸನೆ ಇರಲೇಬೇಕು.

ಹೊಸಬರೆಲ್ಲ ಮೊದಲು ಎಂಜಿನ್ ಬಗ್ಗೆ ಕೇಳುತ್ತಾರೆ. ಅದಕ್ಕೆ ನಾನು ಕೊಡುವ ಬೆಲೆ ಕಡಿಮೆ. ಎಂಎಂ 540ರಲ್ಲಿ ಬರುತ್ತಿದ್ದದ್ದು ಪ್ಯೂಜೋದ ಎಕ್ಸ್‌ಡಿಪಿ 4.90: ನಾಲ್ಕು ಸಿಲಿಂಡರ್, 90 ಮಿ.ಮೀ. ಬೋರ್, 2112 ಸಿಸಿ. ಚಳಿಯ ಬೆಳಿಗ್ಗೆ ಹೀಟರ್ ಕಾಯಿಸದೆ ಸ್ಟಾರ್ಟ್ ಆಗುವುದಿಲ್ಲ, ಅದು ಅದರ ಜಾಯಮಾನ. ಅದಕ್ಕೆ ಪಿಸ್ಟನ್, ಲೈನರ್ ಹಾಕಿ ಕಟ್ಟಿಕೊಡುವವರು ಮಲೆನಾಡಿನ ಪ್ರತಿ ತಾಲ್ಲೂಕಿನಲ್ಲೂ ಸಿಗುತ್ತಾರೆ. ಎಂಜಿನ್ ಕೈಕೊಟ್ಟರೆ ಹಣ ಹೋಗುತ್ತದೆ, ಅಷ್ಟೇ. ಚಾಸಿ, ಅಂದರೆ ಇಡೀ ಗಾಡಿಯನ್ನು ಹೊತ್ತ ಅಡಿಯ ಚೌಕಟ್ಟು, ಹೋದರೆ ಗಾಡಿಯೇ ಹೋಯಿತು.

ಆದ್ದರಿಂದ ಹಳೆಯ ಪ್ಯಾಂಟು ಹಾಕಿಕೊಂಡು ಹೋಗಿ, ಗಾಡಿಯ ಅಡಿಗೆ ಮಲಗಿ. ಕೈಯಲ್ಲಿ ಟಾರ್ಚು, ಒಂದು ಸ್ಕ್ರೂಡ್ರೈವರ್. ಹಿಂದಿನ ಸ್ಪ್ರಿಂಗ್ ಪಟ್ಟಿಗಳು ಚಾಸಿಗೆ ಸೇರುವ ಶ್ಯಾಕಲ್ ಜಾಗ, ಬಾಡಿ ಕೂರುವ ಬೋಲ್ಟ್‌ಗಳ ಸುತ್ತ, ಕೆಸರು ಸಿಕ್ಕಿ ಒಣಗುವ ಮೂಲೆಗಳು: ಅಲ್ಲೆಲ್ಲ ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿ. ಗಟ್ಟಿ ಕಬ್ಬಿಣ ಟಣ್ ಎನ್ನುತ್ತದೆ. ಟಪ್ ಎಂದರೆ ತುದಿಯಿಂದ ಒತ್ತಿ ನೋಡಿ. ಒಳಗೆ ಇಳಿದರೆ ಎದ್ದು ಕೈ ತೊಳೆದುಕೊಂಡು ಮನೆಗೆ ಬನ್ನಿ. ತಳಕ್ಕೆಲ್ಲ ದಪ್ಪನೆಯ ಕಪ್ಪು ಅಂಡರ್‌ಕೋಟ್ ಬಳಿದಿದ್ದರೆ ಇನ್ನೂ ಜೋರಾಗಿ ತಟ್ಟಿ. ಅಡ್ಡಪಟ್ಟಿಗಳಲ್ಲಿ ವೆಲ್ಡಿಂಗ್ ಗಂಟುಗಳಿವೆಯೇ, ಚಾಸಿಯ ಉದ್ದದಲ್ಲಿ ಎಲ್ಲಾದರೂ ತುಂಡು ಸೇರಿಸಿದ ಗುರುತಿದೆಯೇ ನೋಡಿ. ಹರಿಯಾಣದ ಮಂಡಿ ಡಬ್ವಾಲಿಯಂಥ ಊರುಗಳಲ್ಲಿ ಜೀಪು ಕಟ್ಟುವುದೇ ಒಂದು ಕಸುಬು. ಅಲ್ಲಿನ ಕೈಕೆಲಸವನ್ನು ನಾನು ಹಳಿಯುವುದಿಲ್ಲ. ಆದರೆ ಒಂದರ ಚಾಸಿ, ಇನ್ನೊಂದರ ಹೌಸಿಂಗ್, ಮತ್ತೊಂದರ ಕಾಗದ ಸೇರಿ ಹುಟ್ಟಿದ ಗಾಡಿ ಹೊಸಬನ ಕೈಗೆ ಬರಬಾರದು.

ಎರಡನೆಯದು ಫೋರ್ ವೀಲ್. ಲಿವರ್ ಇದೆ ಎಂದ ಮಾತ್ರಕ್ಕೆ ಮುಂದಿನ ಚಕ್ರ ಎಳೆಯುತ್ತದೆ ಎಂದು ನಂಬಬೇಡಿ. ಮುಂದಿನ ಶಾಫ್ಟನ್ನೇ ಬಿಚ್ಚಿಟ್ಟು ಓಡಿಸಿದ ಗಾಡಿಗಳನ್ನು ನೋಡಿದ್ದೇನೆ. ಮುಂದಿನ ಹಬ್‌ಗಳಿಗೆ, ಚಕ್ರವನ್ನು ಶಾಫ್ಟಿಗೆ ಸೇರಿಸುವ ಲಾಕ್ ಇದ್ದರೆ ಮೊದಲು ಹಾಕಿಕೊಳ್ಳಿ. ಸಡಿಲ ಮಣ್ಣಿನಲ್ಲಿ ಲೋ ಗೇರ್ (ವೇಗ ತಗ್ಗಿಸಿ ಎಳೆತ ಹೆಚ್ಚಿಸುವುದು) ಹಾಕಿ ನಿಧಾನವಾಗಿ ಎಳೆಸಿ, ಒಬ್ಬರು ಪಕ್ಕದಲ್ಲಿ ನಿಂತು ಮುಂದಿನ ಚಕ್ರ ಮಣ್ಣು ಕೆದಕುತ್ತದೆಯೇ ನೋಡಲಿ. ಡಾಂಬರಿನ ಮೇಲೆ ಈ ಪರೀಕ್ಷೆ ಬೇಡ. ಈ ಗಾಡಿಗಳಲ್ಲಿ ಮುಂದಿನ, ಹಿಂದಿನ ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್ ನಡುವೆ ಇಲ್ಲ. ತಿರುವಿನಲ್ಲಿ ಮುಂದಿನ ಚಕ್ರ ಹಿಂದಿನದಕ್ಕಿಂತ ಹೆಚ್ಚು ದೂರ ಉರುಳಬೇಕು, ಒಣ ರಸ್ತೆಯಲ್ಲಿ ಜಾರಲು ಜಾಗವಿಲ್ಲದೆ ಆ ಬಿಗಿತವೆಲ್ಲ ಗೇರಿನ ಹಲ್ಲುಗಳ ಮೇಲೆ ಬೀಳುತ್ತದೆ.

ಆಮೇಲೆ ಒಂದು ಇಳಿಜಾರು ಹುಡುಕಿ. ಲೋ ಫಸ್ಟ್‌ನಲ್ಲಿ, ಕ್ಲಚ್ ಮುಟ್ಟದೆ, ಆಕ್ಸಲರೇಟರ್ ಬಿಟ್ಟು ಇಳಿಸಿ. ಲೋ ಲಿವರ್ ತಾನಾಗಿ ಹಾರಿ ನ್ಯೂಟ್ರಲ್‌ಗೆ ಬಂದರೆ ಎಂಜಿನ್ ಹಿಡಿತ ಆ ಕ್ಷಣವೇ ಹೋಗುತ್ತದೆ. ನಿಮ್ಮ ಹಳ್ಳದ ದಾರಿಯಲ್ಲಿ ಅದರ ಅರ್ಥ ನಿಮಗೇ ಗೊತ್ತು. ‘ಲಿವರ್ ಕೈಯಲ್ಲಿ ಹಿಡಿದುಕೊಂಡರೆ ಏನೂ ಆಗುವುದಿಲ್ಲ ಸಾರ್’ ಎಂದು ಮಾರುವವರು ಹೇಳುತ್ತಾರೆ. ಸ್ಟಿಯರಿಂಗ್ ಯಾರು ಹಿಡಿಯುತ್ತಾರೆ ಎಂದು ಕೇಳಿ.

ಜಿಪ್ಸಿಗೆ ತುಕ್ಕೇ ಶತ್ರು. ಮ್ಯಾಟ್ ಎತ್ತಿಸಿ ಕಾಲಡಿಯ ತಗಡು ನೋಡಿ, ಹಿಂದಿನ ಚಕ್ರದ ಮೇಲಿನ ಕಮಾನಿನ ಒಳಭಾಗ ನೋಡಿ. ಇನ್ನೊಂದು ಮಾತು: ನೋಡಲು ಹೋದ ಕೂಡಲೇ ಬೋನೆಟ್ ಮೇಲೆ ಕೈ ಇಡಿ. ಬಿಸಿ ಇದ್ದರೆ ನೀವು ಬರುವ ಮೊದಲೇ ಓಡಿಸಿ ಇಟ್ಟಿದ್ದಾರೆ. ಚಹಾ ಕುಡಿದು, ಊರ ಸುದ್ದಿ ಮಾತನಾಡಿ, ತಣ್ಣಗಾದ ಮೇಲೆ ಸ್ಟಾರ್ಟ್ ಮಾಡಿಸಿ.

ಏಲಕ್ಕಿ_ಮಡಿಕೇರಿ:

ಪಾನಾ ಅವರು ಕಾಗದದ ವಿಷಯವನ್ನು ಅರ್ಧಕ್ಕೇ ಬಿಟ್ಟರು. ನಮ್ಮ ಮನೆಯ ಹಳೆಯ ಜೀಪುಗಳ ಕಡತ ಹಿಡಿದು ಆರ್‌ಟಿಒ ಕಚೇರಿಗೆ ಅಲೆಯುವವಳು ನಾನು, ಆದ್ದರಿಂದ ಉಳಿದದ್ದನ್ನು ಹೇಳುತ್ತೇನೆ.

ಖಾಸಗಿ ವಾಹನದ ಆರ್‌ಸಿ (ನೋಂದಣಿ ಪತ್ರ) 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ತಪಾಸಣೆ ಮಾಡಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. ಆ ಹಸಿರು ಜೀಪಿನ ಆರ್‌ಸಿ ಈಗ ಜೀವಂತವಾಗಿದೆಯೇ? ಹತ್ತು ವರ್ಷ ದಾಟಿದ ಡೀಸೆಲ್ ವಾಹನಗಳಿಗೆ 2015ರಲ್ಲೇ ಹಸಿರು ನ್ಯಾಯಮಂಡಳಿ ದೆಹಲಿಯಲ್ಲಿ ತಡೆ ಹಾಕಿತು, 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಅಲ್ಲಿಂದ ದಕ್ಷಿಣಕ್ಕೆ ಇಳಿದು ಬಂದ ಗಾಡಿಗಳು ಬಹಳ. ಎಲ್ಲವೂ ಕೆಟ್ಟವೆಂದಲ್ಲ. ಆದರೆ ಎನ್‌ಒಸಿ ಎಂದರೆ ಒಂದು ಕಾಗದ ಮಾತ್ರ. ಇಲ್ಲಿ ಮರುನೋಂದಣಿ ಮಾಡಿಸಬೇಕು, ಕರ್ನಾಟಕದ ತೆರಿಗೆ ಕಟ್ಟಬೇಕು. ಆ ಖರ್ಚನ್ನು 3.6 ಲಕ್ಷಕ್ಕೆ ಕೂಡಿಸಿ ನೋಡಿ. ಎಂಪರಿವಾಹನ್ ಆ್ಯಪ್‌ನಲ್ಲಿ ನಂಬರ್ ಹಾಕಿದರೆ ಸ್ಥಿತಿ ತಿಳಿಯುತ್ತದೆ.

ಆರ್‌ಸಿಯಲ್ಲಿರುವ ಇಂಧನ ಮತ್ತು ಎಂಜಿನ್ ನಂಬರ್ ಗಾಡಿಯಲ್ಲಿರುವುದಕ್ಕೆ ಹೊಂದಬೇಕು. ಹಳೆಯ ಪೆಟ್ರೋಲ್ ಜೀಪಿಗೆ ಡೀಸೆಲ್ ಎಂಜಿನ್ ಕೂರಿಸಿ ಕಾಗದದಲ್ಲಿ ಪೆಟ್ರೋಲ್ ಎಂದೇ ಉಳಿಸಿಕೊಂಡವರಿದ್ದಾರೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಇಂಥ ಬದಲಾವಣೆಯನ್ನು ಅನುಮತಿಯಿಲ್ಲದೆ ಒಪ್ಪುವುದಿಲ್ಲ. ಅಪಘಾತವಾದರೆ ವಿಮೆಯವರು ಮೊದಲು ನೋಡುವುದೂ ಅದನ್ನೇ. ಚಾಸಿ ನಂಬರಿನ ಮೇಲೆ ಬಿಳಿ ಹಾಳೆ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆಯಿರಿ. ಅಂಕಿಗಳ ಸಾಲು ಓರೆಯಾಗಿದ್ದರೆ, ಸುತ್ತ ಉಜ್ಜಿದ ಗುರುತಿದ್ದರೆ ಮಾತು ಅಲ್ಲಿಗೇ ನಿಲ್ಲಿಸಿ.

‘ವಿಂಟೇಜ್ ನಂಬರ್ ಮಾಡಿಸಿಕೊಡುತ್ತೇನೆ’ ಎಂದು ಯಾರಾದರೂ ಹೇಳಿದರೆ ನಕ್ಕುಬಿಡಿ. 2021ರ ನಿಯಮದ ಪ್ರಕಾರ ಅದಕ್ಕೆ 50 ವರ್ಷ ದಾಟಿರಬೇಕು, ಮೂಲರೂಪದಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. ಸಿಕ್ಕಿದರೂ ದಿನನಿತ್ಯ ರಸ್ತೆಯಲ್ಲಿ ಓಡಿಸುವಂತಿಲ್ಲ.

ಅಡಿಕೆಸೋಗೆ:

ಇಬ್ಬರಿಗೂ ಕೃತಜ್ಞತೆ. ಎರಡನ್ನೂ ನೋಡಿ ಬಂದೆ. ಹಸಿರು ಜೀಪಿನವರು ಅಡಿಗೆ ಮಲಗಲು ಬಿಟ್ಟರು, ಆದರೆ ಸ್ಕ್ರೂಡ್ರೈವರ್ ಕಂಡೊಡನೆ ಮುಖ ಗಂಟಾಯಿತು. ಚಾಸಿ ನಂಬರಿನ ಜಾಗದಲ್ಲಿ ಬಣ್ಣ ಎಷ್ಟು ದಪ್ಪವಿತ್ತೆಂದರೆ ಪೆನ್ಸಿಲ್ ಅಚ್ಚಿನಲ್ಲಿ ಮೂರು ಅಂಕಿ ಮೂಡಲೇ ಇಲ್ಲ. ಸ್ವಲ್ಪ ಕೆರೆಯುತ್ತೇನೆ ಎಂದೆ, ಬೇಡ ಎಂದರು. ಬಂದುಬಿಟ್ಟೆ.

ಜಿಪ್ಸಿಯ ಚಾಸಿ ಎಲ್ಲ ಕಡೆ ಟಣ್ ಎಂದಿತು. ಆರ್‌ಸಿ 2028ರವರೆಗೆ ಇದೆ, ನಂಬರುಗಳು ಹೊಂದುತ್ತವೆ. ಡ್ರೈವರ್ ಕಾಲಡಿಯ ತಗಡಿನಲ್ಲಿ ಅಂಗೈ ಅಗಲದ ತೂತು. ಮ್ಯಾಟ್ ಎತ್ತಿದರೆ ನೆಲ ಕಾಣುತ್ತದೆ. ಇಳಿಜಾರಿನಲ್ಲಿ ಲೋ ಲಿವರ್ ಹಾರಿತು. ಮಾಲೀಕರೇ ಮೊದಲು ಹೇಳಿದ್ದರು, ಮುಚ್ಚಿಡಲಿಲ್ಲ. ಬಿಡುವುದೋ, ಹಿಡಿಯುವುದೋ?

ಹಳೇಪಾನಾ_ಸಕಲೇಶಪುರ:

ಹಿಡಿಯಿರಿ. ತೂತನ್ನು ಅವರೇ ತೋರಿಸಿದರೋ, ನೀವೇ ಕಂಡುಹಿಡಿದಿರೋ ತಿಳಿಯದು. ಲಿವರ್ ವಿಷಯ ಬಾಯಿಬಿಟ್ಟು ಹೇಳಿದ್ದಾರಲ್ಲ, ಅಂಥವರ ಬಳಿ ಗಾಡಿ ಕೊಳ್ಳಬಹುದು. ತೂತಿಗೆ ಕೊಳೆತ ಭಾಗವನ್ನು ಪೂರ್ತಿ ಕತ್ತರಿಸಿ ಹೊಸ ತಗಡು ಬೆಸೆಯಿಸಿ, ಮೇಲೆ ತೇಪೆ ಬೇಡ. ಜಿಪ್ಸಿಯ ಟ್ರಾನ್ಸ್‌ಫರ್ ಕೇಸ್ (ಎಂಜಿನ್ ಶಕ್ತಿಯನ್ನು ಮುಂದಕ್ಕೂ ಹಿಂದಕ್ಕೂ ಹಂಚುವ, ಆ ಲೋ ಲಿವರ್ ನಡೆಸುವ ಪೆಟ್ಟಿಗೆ) ಗೇರ್‌ಬಾಕ್ಸ್‌ನಿಂದ ಬೇರೆಯಾಗಿ, ಒಂದು ಗಿಡ್ಡ ಶಾಫ್ಟಿನಾಚೆ ಕೂತಿರುತ್ತದೆ. ಅದೊಂದನ್ನೇ ಇಳಿಸಿ ಬಿಚ್ಚಬಹುದು. ಮೊದಲು ಅದರ ರಬ್ಬರ್ ಮೌಂಟಿಂಗ್‌ಗಳನ್ನು ನೋಡಿಸಿ. ಅವು ಸವೆದು ಕೇಸೇ ಅಲುಗಾಡಿದರೂ ಲಿವರ್ ಹಾರುತ್ತದೆ, ಆಗ ಖರ್ಚು ಸಣ್ಣದು. ಮೌಂಟಿಂಗ್ ಸರಿಯಿದ್ದರೆ ಒಳಗಿನ ಗೇರು, ಫೋರ್ಕು, ಬೇರಿಂಗ್. ನಿಮ್ಮೂರಿನ ಮೇಸ್ತ್ರಿಯಿಂದ ಈ ಕೆಲಸದ ಅಂದಾಜು ಬರೆಸಿಕೊಂಡು, ಅಷ್ಟನ್ನು 2.9ರಲ್ಲಿ ಕಳೆದು ಕೇಳಿ. ಅವರು ಕಾಫಿ ಬೆಳೆಗಾರರು, ಚೌಕಾಸಿ ನಿಮಗಿಂತ ಚೆನ್ನಾಗಿ ಬರುತ್ತದೆ. ಅರ್ಧಕ್ಕೆ ಒಪ್ಪಿದರೂ ಸಾಕು.

ಟಾಪು, ಟೈರು, ಬಣ್ಣಕ್ಕೆ ಈ ವರ್ಷ ಒಂದು ರೂಪಾಯಿಯನ್ನೂ ಹಾಕಬೇಡಿ. ಹಳ್ಳಕ್ಕೆ ಇಳಿಸುವ ಮೊದಲು ಕೋಲು ಹಿಡಿದು ನಡೆದು ಆಳ ನೋಡಿ, ದಾಟಿದ ಮೇಲೆ ಬ್ರೇಕನ್ನು ಮೆಲ್ಲಗೆ ಒತ್ತಿಕೊಂಡೇ ಸ್ವಲ್ಪ ದೂರ ಓಡಿಸಿ. ನೀರು ಹೊಕ್ಕ ಡ್ರಮ್ ಒಣಗುವವರೆಗೆ ಹಿಡಿಯುವುದಿಲ್ಲ. ಮಾಲೀಕತ್ವ ವರ್ಗಾವಣೆಯ ಫಾರಂ 29, 30ಕ್ಕೆ ಸಹಿ ಬೀಳುವವರೆಗೆ ಮುಂಗಡಕ್ಕಿಂತ ಹೆಚ್ಚು ಕೊಡಬೇಡಿ, ಅವರು ಎಷ್ಟೇ ಒಳ್ಳೆಯವರಾಗಿದ್ದರೂ.