ಇಳಿಸಿಕೊಂಡ ಪಿಡಿಎಫ್ ತೆರೆಯುತ್ತಿಲ್ಲ, ತೆರೆದರೂ ಕನ್ನಡ ಪದ ಹುಡುಕಲು ಬರುತ್ತಿಲ್ಲ

ಮಲೆನಾಡಿನ ಓದುಗ:

ನಿವೃತ್ತಿಯ ನಂತರ ಹಳೆಯ ಕನ್ನಡ ಪುಸ್ತಕಗಳ ಸ್ಕ್ಯಾನ್ ಪ್ರತಿಗಳನ್ನೂ ಶಿಕ್ಷಣಕ್ಕೆ ಸಂಬಂಧಿಸಿದ ಸುತ್ತೋಲೆಗಳನ್ನೂ ಇಳಿಸಿಕೊಂಡು ವಿಷಯವಾರು ಜೋಡಿಸಿಡುವ ಕೆಲಸವನ್ನು ಹಚ್ಚಿಕೊಂಡಿದ್ದೇನೆ. ವಿಂಡೋಸ್ 10 ಇರುವ ಲ್ಯಾಪ್‌ಟಾಪ್, ಕ್ರೋಮ್ ಬ್ರೌಸರ್, ಫೋನಿನ ಹಾಟ್‌ಸ್ಪಾಟ್, ಇಷ್ಟು ನನ್ನ ಸಲಕರಣೆ. ಮಳೆ ಹಿಡಿದರೆ ಸಿಗ್ನಲ್ ಬಂದು ಹೋಗುತ್ತಿರುತ್ತದೆ.

ನನ್ನ ತೊಂದರೆ ಮೂರು ಬಗೆಯದು. ಇಂಟರ್ನೆಟ್ ಆರ್ಕೈವ್ ಎಂಬ ಉಚಿತ ಜಾಲ ಗ್ರಂಥಾಲಯದಲ್ಲಿರುವ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಸಂಗ್ರಹದ ದೊಡ್ಡ ಪುಸ್ತಕವೊಂದು ಪೂರ್ತಿ ಇಳಿದಂತೆ ಕಂಡರೂ, ತೆರೆಯಲು ಹೋದರೆ ಕಡತ ಹಾಳಾಗಿದೆ ಎಂಬ ಸಂದೇಶ ಬರುತ್ತದೆ. ಲಾಗಿನ್ ಆಗಿ ನೋಡಬೇಕಾದ ಒಂದು ಜಾಲತಾಣದಿಂದ ಪಡೆದ ಆದೇಶದ ಪ್ರತಿ ಕೇವಲ 14 ಕೆಬಿ ಇದ್ದು, ಅದನ್ನು ಯಾವ ತಂತ್ರಾಂಶವೂ ತೆರೆಯುವುದಿಲ್ಲ. ಇನ್ನು ಕೆಲವು ಸುತ್ತೋಲೆಗಳು ಚೆನ್ನಾಗಿಯೇ ತೆರೆಯುತ್ತವೆ. ಆದರೆ ‘ವರ್ಗಾವಣೆ’ ಎಂಬ ಪದವನ್ನು ಹುಡುಕಿದರೆ ಅದು ಕಣ್ಣೆದುರೇ ಇದ್ದರೂ ಸಿಗುವುದಿಲ್ಲ, ನಕಲು ಮಾಡಿ ವರ್ಡ್‌ಗೆ ಅಂಟಿಸಿದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಬರುತ್ತದೆ. ಬೇರೆ ಬೇರೆ ಪಿಡಿಎಫ್ ರೀಡರ್‌ಗಳನ್ನು ಹಾಕಿ ನೋಡಿದ್ದಾಯಿತು. ಇವೆಲ್ಲವನ್ನೂ ತೆರೆಯುವ ಒಳ್ಳೆಯ ತಂತ್ರಾಂಶ ಯಾವುದೆಂದು ತಿಳಿದವರು ದಯವಿಟ್ಟು ಹೇಳಬೇಕು.

ಕಡತಶೋಧಕ:

ಸರ್, ಇನ್ನೊಂದು ರೀಡರ್ ಹಾಕಿಕೊಳ್ಳುವುದರಿಂದ ಈ ಮೂರರಲ್ಲಿ ಒಂದೂ ಬಗೆಹರಿಯದು. ಪಿಡಿಎಫ್ ಅನ್ನು ಅಡೋಬಿ ಸಂಸ್ಥೆ 1993ರಲ್ಲಿ ಹೊರತಂದಿತು, 2008ರಲ್ಲಿ ಅದು ಐಎಸ್ಒ ಎಂಬ ಅಂತರರಾಷ್ಟ್ರೀಯ ಸಂಸ್ಥೆಯ ಮಾನಕವಾಯಿತು. ಹೀಗಾಗಿ ಸರಿಯಾಗಿ ಇಳಿದ ಸಾಮಾನ್ಯ ಪಿಡಿಎಫ್ ನಿಮ್ಮ ಕ್ರೋಮ್‌ನಲ್ಲಿಯೇ ತೆರೆಯಬೇಕು. ತೆರೆಯುತ್ತಿಲ್ಲವೆಂದರೆ ಸಂಶಯಪಡಬೇಕಾದದ್ದು ರೀಡರನ್ನಲ್ಲ, ಕಡತವನ್ನು.

ಮೊದಲು 14 ಕೆಬಿಯ ಆದೇಶವನ್ನು ನೋಡೋಣ. ಅದರ ಮೇಲೆ ಬಲಗುಂಡಿ ಒತ್ತಿ, ‘ಓಪನ್ ವಿತ್’ ಮೂಲಕ ನೋಟ್‌ಪ್ಯಾಡ್‌ನಲ್ಲಿ ತೆರೆಯಿರಿ. ನಿಜವಾದ ಪಿಡಿಎಫ್ ಆಗಿದ್ದರೆ ಮೊದಲ ಸಾಲಿನಲ್ಲಿ ಶೇಕಡಾ ಚಿಹ್ನೆ, ಅದಕ್ಕೆ ಅಂಟಿಕೊಂಡು ಪಿ, ಡಿ, ಎಫ್ ಎಂಬ ಮೂರು ದೊಡ್ಡಕ್ಷರಗಳು, ಒಂದು ಅಡ್ಡಗೆರೆ, ನಂತರ 1.4 ಅಥವಾ 1.7ರಂತಹ ಆವೃತ್ತಿ ಸಂಖ್ಯೆ ಇರುತ್ತದೆ. ಅದರ ಬದಲು ‘ಡಾಕ್‌ಟೈಪ್ ಎಚ್‌ಟಿಎಂಎಲ್’ ಎಂಬ ಪದಗಳು ಕಂಡರೆ ನಿಮಗೆ ಬಂದಿರುವುದು ಆದೇಶವಲ್ಲ, ಜಾಲತಾಣದ ಲಾಗಿನ್ ಪುಟವೋ ದೋಷದ ಪುಟವೋ ಪಿಡಿಎಫ್ ಎಂಬ ಹೆಸರು ಹೊತ್ತು ಬಂದಿದೆ ಎಂದರ್ಥ. ಇಂತಹ ತಾಣಗಳಲ್ಲಿ ಡೌನ್‌ಲೋಡ್ ಕೊಂಡಿಯು ನೀವು ಲಾಗಿನ್ ಆಗಿರುವ ಅವಧಿಗಷ್ಟೇ ಸಲ್ಲುತ್ತದೆ. ಪುಟವನ್ನು ತೆರೆದಿಟ್ಟು ಬಹಳ ಹೊತ್ತಿನ ನಂತರ ಒತ್ತಿದರೆ, ಅಥವಾ ಆ ಕೊಂಡಿಯನ್ನು ಇನ್ನೊಬ್ಬರು ವಾಟ್ಸಾಪ್‌ನಲ್ಲಿ ಕಳಿಸಿದ್ದರೆ, ಸರ್ವರ್ ಕಡತದ ಬದಲು ಲಾಗಿನ್ ಪುಟವನ್ನೇ ಕೊಟ್ಟು ಕೈತೊಳೆದುಕೊಳ್ಳುತ್ತದೆ. ಪುನಃ ಲಾಗಿನ್ ಆಗಿ, ಅದೇ ಬ್ರೌಸರಿನಲ್ಲಿ ಕೂಡಲೇ ಇಳಿಸಿಕೊಳ್ಳಿ.

ದೊಡ್ಡ ಪುಸ್ತಕದ ಸಮಸ್ಯೆ ಬೇರೆ. ರೀಡರ್ ತಂತ್ರಾಂಶವು ಪಿಡಿಎಫ್ ಅನ್ನು ಸಾಮಾನ್ಯವಾಗಿ ಕೊನೆಯಿಂದ ಓದಲು ತೊಡಗುತ್ತದೆ, ಏಕೆಂದರೆ ಯಾವ ಭಾಗ ಕಡತದ ಎಷ್ಟನೆಯ ಬೈಟಿನಲ್ಲಿದೆ ಎಂಬುದನ್ನು ತಿಳಿಸುವ ಕೋಷ್ಟಕ ಕೊನೆಯಲ್ಲಿರುತ್ತದೆ. ಪರಿವಿಡಿಯನ್ನು ಕೊನೆಯ ಹಾಳೆಯಲ್ಲಿ ಅಚ್ಚು ಹಾಕಿದ ಪುಸ್ತಕದಿಂದ ಆ ಹಾಳೆಯೇ ಹರಿದುಹೋದಂತೆ, ಸಿಗ್ನಲ್ ಹೋಗಿ ಬಾಲ ತುಂಡಾದ ಕಡತದಲ್ಲಿ ಮುಕ್ಕಾಲು ಪಾಲು ಪುಟಗಳು ಬಂದಿದ್ದರೂ ಅವು ಎಲ್ಲಿವೆಯೆಂದು ರೀಡರಿಗೆ ತಿಳಿಯುವುದಿಲ್ಲ. ಕೆಲವು ರೀಡರ್‌ಗಳು ಆ ಕೋಷ್ಟಕವನ್ನು ತಾವೇ ಮರಳಿ ಕಟ್ಟಲು ಯತ್ನಿಸುತ್ತವೆ. ಒಂದೇ ಕಡತ ಒಂದು ರೀಡರಿನಲ್ಲಿ ಅರ್ಧಂಬರ್ಧ ತೆರೆದು ಇನ್ನೊಂದರಲ್ಲಿ ತೆರೆಯದಿರಲು ಅದೇ ಕಾರಣ. ಆದರೆ ಬಾರದೇ ಉಳಿದ ಪುಟಗಳನ್ನು ಯಾವ ರೀಡರೂ ತಂದುಕೊಡಲಾರದು.

ಆರ್ಕೈವ್‌ನ ಪುಸ್ತಕದ ಪುಟದಲ್ಲಿ ಡೌನ್‌ಲೋಡ್ ಆಯ್ಕೆಗಳ ಕೆಳಗಿರುವ ‘ಶೋ ಆಲ್’ ಒತ್ತಿದರೆ ಪ್ರತಿಯೊಂದು ಕಡತದ ಗಾತ್ರ ಕಾಣುತ್ತದೆ. ಅದನ್ನು ನಿಮ್ಮ ಕಡತದ ‘ಪ್ರಾಪರ್ಟೀಸ್’ನಲ್ಲಿರುವ ಗಾತ್ರದೊಡನೆ ಹೋಲಿಸಿ ನೋಡಿ. ಡೌನ್‌ಲೋಡ್ಸ್ ಫೋಲ್ಡರಿನಲ್ಲಿ ‘ಸಿಆರ್‌ಡೌನ್‌ಲೋಡ್’ ಎಂಬ ಬಾಲಂಗೋಚಿ ಇರುವ ಕಡತ ಕಂಡರೆ ಅದು ಕ್ರೋಮ್ ಇನ್ನೂ ಮುಗಿಸದ ಕೆಲಸ. ಹೆಸರನ್ನು ಪಿಡಿಎಫ್ ಎಂದು ಬದಲಿಸಿದ ಮಾತ್ರಕ್ಕೆ ಅದು ಪೂರ್ಣವಾಗದು. ನಿಮ್ಮಂತಹ ಸಂಪರ್ಕಕ್ಕೆ ನನ್ನ ಸಲಹೆ, ಆರ್ಕೈವ್ ಅದೇ ಪಟ್ಟಿಯಲ್ಲಿ ಕೊಡುವ ಟೊರೆಂಟ್ ಕೊಂಡಿಯನ್ನು ಬಳಸುವುದು. ಟೊರೆಂಟ್ ಎಂದಾಕ್ಷಣ ಕಳ್ಳಪ್ರತಿಗಳು ನೆನಪಾಗಬೇಕಿಲ್ಲ. ಅದು ಕಡತವನ್ನು ತುಣುಕುಗಳಾಗಿ ತಂದು, ಪ್ರತಿ ತುಣುಕನ್ನೂ ಪರೀಕ್ಷಿಸಿ, ನಿಂತಲ್ಲಿಂದಲೇ ಮುಂದುವರಿಸುತ್ತದೆ. ಆದ್ದರಿಂದ ಸಿಗ್ನಲ್ ಹೋದರೂ ಇಳಿದ ಭಾಗ ವ್ಯರ್ಥವಾಗುವುದಿಲ್ಲ.

ಗ್ರಂಥಾಲಯದ ಮೇಜು:

ಮೂರನೆಯ ತೊಂದರೆಯ ಬಗ್ಗೆ ನಾನು ಬರೆಯುತ್ತೇನೆ, ಏಕೆಂದರೆ ನಮ್ಮ ಗ್ರಂಥಾಲಯಕ್ಕೆ ಬರುವ ಸಂಶೋಧನ ವಿದ್ಯಾರ್ಥಿಗಳು ಹೆಚ್ಚಾಗಿ ಕೇಳುವುದು ಇದನ್ನೇ.

ಆ ಸುತ್ತೋಲೆಗಳನ್ನು ‘ನುಡಿ’ ಅಥವಾ ‘ಬರಹ’ ಎಂಬ ಕನ್ನಡ ಬೆರಳಚ್ಚು ತಂತ್ರಾಂಶಗಳ ಹಳೆಯ, ಯೂನಿಕೋಡ್ (ಪ್ರತಿ ಭಾಷೆಯ ಅಕ್ಷರಗಳಿಗೂ ಅವುಗಳದೇ ಸಂಕೇತ ಕೊಡುವ ಮಾನಕ) ಅಲ್ಲದ ಫಾಂಟುಗಳಲ್ಲಿ ಬೆರಳಚ್ಚು ಮಾಡಿರುವುದು ಬಹುತೇಕ ಖಚಿತ. ಆ ಫಾಂಟುಗಳಲ್ಲಿ ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಸಂಕೇತಸ್ಥಾನಗಳಲ್ಲಿ ಕನ್ನಡದ ಅಕ್ಷರಗಳನ್ನೂ ಗುಣಿತ, ಒತ್ತುಗಳ ತುಣುಕುಗಳನ್ನೂ ಕೂರಿಸಲಾಗಿದೆ. ಪಿಡಿಎಫ್ ತನ್ನೊಳಗೆ ಫಾಂಟನ್ನು ಹೊತ್ತು ತರುವುದರಿಂದ ಪರದೆಯ ಮೇಲೆ ಕನ್ನಡವೇ ಕಾಣುತ್ತದೆ. ಒಳಗಿನ ಸಂಕೇತಗಳು ಮಾತ್ರ ಇಂಗ್ಲಿಷಿನವು. ನೀವು ಯೂನಿಕೋಡ್‌ನಲ್ಲಿ ‘ವರ್ಗಾವಣೆ’ ಎಂದು ಹುಡುಕಿದರೆ ಸಿಗದಿರುವುದು ಸಹಜವೇ. ಇಂತಹ ಪಠ್ಯವನ್ನು ನಕಲು ಮಾಡಿ, ನುಡಿ ತಂತ್ರಾಂಶದೊಡನೆ ಬರುವ ಪರಿವರ್ತಕದಲ್ಲಿ ಯೂನಿಕೋಡ್‌ಗೆ ಬದಲಿಸಿಕೊಳ್ಳಬಹುದು. ಅದೇ ಸುತ್ತೋಲೆ ವರ್ಡ್ ಕಡತವಾಗಿ ಬಂದರೆ ಫೋನಿನಲ್ಲಿ ಓದಲೂ ಆಗುವುದಿಲ್ಲ, ಏಕೆಂದರೆ ಫೋನಿನಲ್ಲಿ ಆ ಫಾಂಟ್ ಇರುವುದಿಲ್ಲ. ಕಳಿಸುವವರಿಗೇ ಪಿಡಿಎಫ್ ಮಾಡಿ ಕಳಿಸಿರೆಂದು ಹೇಳುವುದು ಮೇಲು.

ಯೂನಿಕೋಡ್‌ನಲ್ಲಿಯೇ ಸಿದ್ಧವಾದ ಪಿಡಿಎಫ್ ಕೂಡ ಕೆಲವೊಮ್ಮೆ ಕೈಕೊಡುತ್ತದೆ ಎಂಬುದನ್ನೂ ತಿಳಿದಿರಿ. ಪಿಡಿಎಫ್ ನೆನಪಿಟ್ಟುಕೊಳ್ಳುವುದು ಮುಖ್ಯವಾಗಿ ಅಕ್ಷರದ ಆಕಾರವನ್ನು ಮತ್ತು ಅದನ್ನು ಎಲ್ಲಿಡಬೇಕೆಂಬುದನ್ನು. ಆ ಆಕಾರ ಯಾವ ಅಕ್ಷರವೆಂದು ತಿಳಿಸುವ ಕೋಷ್ಟಕ ಬೇರೆಯೇ ಇದ್ದು, ಅದು ಅಪೂರ್ಣವಾಗಿದ್ದರೆ ಒತ್ತಕ್ಷರಗಳು ನಾಪತ್ತೆಯಾಗುತ್ತವೆ. ನಿಮ್ಮ ‘ವರ್ಗಾವಣೆ’ಯನ್ನೇ ತೆಗೆದುಕೊಳ್ಳಿ. ಯೂನಿಕೋಡ್‌ನಲ್ಲಿ ರಕಾರ ಮೊದಲು, ಗಕಾರ ನಂತರ. ಪುಟದ ಮೇಲೆ ಗಾ ಮೊದಲು, ಅರ್ಕಾವತ್ತು ನಂತರ. ನಕಲು ಮಾಡುವಾಗ ಪುಟದ ಮೇಲಿನ ಕ್ರಮವೇ ಉಳಿದುಬಿಟ್ಟರೆ ಪದ ಕೆಡುತ್ತದೆ. ಆದ್ದರಿಂದ ಅರ್ಕಾವತ್ತಾಗಲಿ ಒತ್ತಕ್ಷರವಾಗಲಿ ಇಲ್ಲದ, ‘ಆದೇಶ’ದಂತಹ ಸರಳ ಪದವನ್ನು ಮೊದಲು ಹುಡುಕಿ ನೋಡಿ. ಅದು ಸಿಕ್ಕಿ ‘ವರ್ಗಾವಣೆ’ ಸಿಗದಿದ್ದರೆ ಕಾರಣ ಈ ಕೋಷ್ಟಕ ಅಥವಾ ಕ್ರಮದ ದೋಷವೇ ಹೊರತು ಹಳೆಯ ಫಾಂಟ್ ಅಲ್ಲ.

ಸ್ಕ್ಯಾನ್ ಮಾಡಿದ ಪುಟಗಳಲ್ಲಿ ಇರುವುದು ಚಿತ್ರ ಮಾತ್ರ. ಅದರಿಂದ ಪಠ್ಯ ಬೇಕಿದ್ದರೆ ಬೇಕಾದ ಪುಟಗಳನ್ನಷ್ಟೇ ಬೇರ್ಪಡಿಸಿ ಗೂಗಲ್ ಡ್ರೈವ್‌ಗೆ ಏರಿಸಿ, ಗೂಗಲ್ ಡಾಕ್ಸ್‌ನಲ್ಲಿ ತೆರೆದರೆ ಅಕ್ಷರ ಗುರುತಿಸಿ ಕೊಡುತ್ತದೆ. ಕಡತ 2 ಎಂಬಿ ಮೀರದಿರಲಿ. ಮಸುಕಾದ ಅಚ್ಚಿನಲ್ಲಿ ತಪ್ಪುಗಳು ಬಂದೇ ಬರುತ್ತವೆ, ತಿದ್ದಲು ಸಿದ್ಧರಿರಬೇಕು.

ಗದಗ ಕಂಪ್ಯೂಟರ್ ಕೇಂದ್ರ:

ಇಷ್ಟೆಲ್ಲ ಏಕೆ? ಡೌನ್‌ಲೋಡ್ ಮ್ಯಾನೇಜರ್ ಒಂದನ್ನು ಹಾಕಿಕೊಂಡರೆ ಎಂತಹ ಕಡತವಾದರೂ ಪೂರ್ತಿ ಬರುತ್ತದೆ. ಹಾಳಾದ ಪಿಡಿಎಫ್‌ಗಳನ್ನು ಪುಕ್ಕಟೆ ದುರಸ್ತಿ ಮಾಡಿಕೊಡುವ ಜಾಲತಾಣಗಳೂ ಬೇಕಾದಷ್ಟಿವೆ. ಜೊತೆಗೆ ನನ್ನದೊಂದು ಪ್ರಶ್ನೆ: ಇ-ಆಧಾರ್ ಪಿಡಿಎಫ್ ತೆರೆದಾಗ ಸಹಿಯ ಜಾಗದಲ್ಲಿ ಹಳದಿ ಪ್ರಶ್ನಾರ್ಥಕ ಚಿಹ್ನೆ ಬರುತ್ತದೆ. ಕಡತ ನಕಲಿಯೇ ಎಂದು ಗಿರಾಕಿಗಳು ಗಾಬರಿಪಡುತ್ತಾರೆ. ಏನು ಹೇಳಲಿ?

ಕಡತಶೋಧಕ:

ಡೌನ್‌ಲೋಡ್ ಮ್ಯಾನೇಜರ್ ಆರ್ಕೈವ್‌ನಂತಹ ತಾಣಕ್ಕೆ ಸರಿ, ಏಕೆಂದರೆ ನಿಂತ ಜಾಗದಿಂದ ಮುಂದುವರಿಸಲು ಅಲ್ಲಿನ ಸರ್ವರ್ ಒಪ್ಪುತ್ತದೆ. ಲಾಗಿನ್ ಬೇಡುವ ತಾಣದಲ್ಲಿ ಅದು ಕೆಲಸ ಕೆಡಿಸುವುದೇ ಹೆಚ್ಚು: ಬ್ರೌಸರಿನಲ್ಲಿ ನೀವು ಲಾಗಿನ್ ಆಗಿರುವುದು ಬೇರೆ ತಂತ್ರಾಂಶಕ್ಕೆ ತಿಳಿಯದಿದ್ದರೆ ಪುನಃ ಅದೇ 14 ಕೆಬಿಯ ಪುಟ ಬಂದೀತು. ದುರಸ್ತಿಯ ಜಾಲತಾಣಗಳ ವಿಷಯದಲ್ಲಿ ನನ್ನ ವಿರೋಧ ಖಂಡಿತವಾಗಿಯೂ ಇದೆ. ಗಿರಾಕಿಗಳ ಆಧಾರ್, ಪಹಣಿ, ಅಂಕಪಟ್ಟಿಗಳನ್ನು ಯಾರದೆಂದು ತಿಳಿಯದ ಸರ್ವರಿಗೆ ಏರಿಸುವುದು ಸಲ್ಲದು, ಅದೂ ಮತ್ತೊಮ್ಮೆ ಇಳಿಸಿಕೊಂಡರೆ ಮುಗಿಯುವ ಕೆಲಸಕ್ಕೆ.

ಹಳದಿ ಚಿಹ್ನೆಯ ಅರ್ಥ ಸಹಿ ಸುಳ್ಳೆಂದಲ್ಲ. ಸಹಿಯ ಪ್ರಮಾಣಪತ್ರವನ್ನು ನಿಮ್ಮ ಕಂಪ್ಯೂಟರ್ ಇನ್ನೂ ನಂಬಿಕೆಯ ಪಟ್ಟಿಗೆ ಸೇರಿಸಿಕೊಂಡಿಲ್ಲ ಎಂದಷ್ಟೇ. ಕಡತವನ್ನು ಅಧಿಕೃತ ತಾಣದಿಂದ ನೀವೇ ಇಳಿಸಿದ್ದೆಂದು ಖಾತ್ರಿಯಿದ್ದಾಗ, ಕಂಪ್ಯೂಟರಿನ ಅಡೋಬಿ ರೀಡರಿನಲ್ಲಿ ಸಹಿಯ ಮೇಲೆ ಬಲಗುಂಡಿ ಒತ್ತಿ, ಸಹಿಯ ವಿವರಗಳಲ್ಲಿ ಪ್ರಮಾಣಪತ್ರವನ್ನು ತೆರೆದು, ‘ಟ್ರಸ್ಟ್’ ಎಂಬಲ್ಲಿ ಅದನ್ನು ಸೇರಿಸಿ, ಇಂಟರ್ನೆಟ್ ಸಂಪರ್ಕ ಇರುವಾಗಲೇ ಮತ್ತೆ ಪರಿಶೀಲಿಸಿ. ಇನ್ನು ಪಾಸ್‌ವರ್ಡ್ ಕೇಳಿ ಕಡತವೇ ತೆರೆಯದಿದ್ದರೆ ಅದು ದೋಷವಲ್ಲ: ಆಧಾರ್‌ನಲ್ಲಿರುವಂತೆ ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ದೊಡ್ಡಕ್ಷರಗಳು, ಅವುಗಳ ನಂತರ ಹುಟ್ಟಿದ ವರ್ಷದ ನಾಲ್ಕು ಅಂಕಿಗಳು. ಇನಿಶಿಯಲ್ ಮೊದಲಿದ್ದರೆ ಅದೂ, ಅದರ ಚುಕ್ಕಿಯೂ ಲೆಕ್ಕಕ್ಕೆ ಬರುತ್ತವೆ. ನಮ್ಮ ಕಡೆಯ ಹೆಸರುಗಳಲ್ಲಿ ಹೆಚ್ಚಿನವರು ಎಡವುವುದು ಇಲ್ಲಿಯೇ.

ಮಲೆನಾಡಿನ ಓದುಗ:

ಎಲ್ಲರಿಗೂ ಧನ್ಯವಾದಗಳು. 14 ಕೆಬಿಯ ಕಡತ ಲಾಗಿನ್ ಪುಟವೇ ಆಗಿತ್ತು. ಪುನಃ ಲಾಗಿನ್ ಆದ ಕೂಡಲೇ ಇಳಿಸಿದಾಗ ಆದೇಶ ಸಿಕ್ಕಿತು. ಪುಸ್ತಕವೂ ಟೊರೆಂಟ್ ಮೂಲಕ ಪೂರ್ತಿ ಬಂದಿದೆ, ಗಾತ್ರ ತಾಳೆಯಾಗುತ್ತದೆ. ಸುತ್ತೋಲೆಯಲ್ಲಿ ‘ಆದೇಶ’ವೂ ಸಿಗಲಿಲ್ಲ, ಆದ್ದರಿಂದ ಗ್ರಂಥಾಲಯದ ಮೇಡಂ ಹೇಳಿದಂತೆ ಅದು ಹಳೆಯ ಫಾಂಟಿನದೇ ಇರಬೇಕು. ಆದರೆ ಪುಸ್ತಕದಲ್ಲಿ 96ನೆಯ ಪುಟದ ನಂತರ ನೇರವಾಗಿ 99 ಬರುತ್ತದೆ. ಇದೂ ಡೌನ್‌ಲೋಡ್ ದೋಷವೇ?

ಗ್ರಂಥಾಲಯದ ಮೇಜು:

ಅಲ್ಲ ಸರ್. ಗಾತ್ರ ತಾಳೆಯಾಗಿದೆ ಎಂದಮೇಲೆ ಆ ಹಾಳೆಯನ್ನು ಸ್ಕ್ಯಾನ್ ಮಾಡುವಾಗಲೇ ಬಿಟ್ಟಿದ್ದಾರೆ, ಅಥವಾ ಮೂಲ ಪ್ರತಿಯಲ್ಲಿಯೇ ಅದು ಇರಲಿಲ್ಲ. ಆರ್ಕೈವ್‌ನಲ್ಲಿ ಒಂದೇ ಪುಸ್ತಕದ ಬೇರೆ ಪ್ರತಿಯನ್ನು ಬೇರೆಯವರೂ ಏರಿಸಿರುವುದುಂಟು. ಶೀರ್ಷಿಕೆಯನ್ನು ಕನ್ನಡದಲ್ಲಿಯೂ ಇಂಗ್ಲಿಷ್ ಕಾಗುಣಿತದ ಎರಡು ಮೂರು ಬಗೆಗಳಲ್ಲಿಯೂ ಹುಡುಕಿ, ಏಕೆಂದರೆ ಡಿಜಿಟಲ್ ಲೈಬ್ರರಿ ಸಂಗ್ರಹದಲ್ಲಿ ಕನ್ನಡ ಹೆಸರುಗಳ ಇಂಗ್ಲಿಷ್ ರೂಪಗಳು ಬಹಳ ಕೆಟ್ಟಿವೆ. ಸಿಗದಿದ್ದರೆ ಮುದ್ರಣದ ವರ್ಷವನ್ನು ಇಲ್ಲಿ ತಿಳಿಸಿ, ನಮ್ಮ ಕಪಾಟಿನಲ್ಲಿ ಅದೇ ಮುದ್ರಣವಿದೆಯೇ ಎಂದು ನೋಡಿ ಹೇಳುತ್ತೇನೆ.