ಪಿಎಚ್‌ಸಿಲಿ (ಪ್ರಾಥಮಿಕ ಆರೋಗ್ಯ ಕೇಂದ್ರ) ಮೂರನೇ ವರ್ಷ, ಪೆಥಾಲಜಿ ಸೀಟ್ ತಗೊಳ್ಲಾ ಇಲ್ಲೇ ಇರ್ಲಾ?

ಮಲ್ನಾಡ್_ಎಂಓ:
ಎಲ್ರಿಗೂ ನಮಸ್ಕಾರ. ಎಂಬಿಬಿಎಸ್ ಮುಗ್ಸಿ ಕಡ್ಡಾಯ ಗ್ರಾಮೀಣ ಸೇವೆ ಅಂತ ಶಿವಮೊಗ್ಗ ಕಡೆ ಒಂದು ಪಿಎಚ್‌ಸಿಗೆ ಬಂದೆ, ಆ ಒಂದ್ ವರ್ಷ ಮುಗಿದ್ಮೇಲೂ ಕಾಂಟ್ರಾಕ್ಟ್ ಮೇಲೆ ಅಲ್ಲೇ ಉಳ್ಕೊಂಡೆ. ಸ್ಪೆಷಲಿಸ್ಟ್ ಕೋರ್ಸಿನ ಪ್ರವೇಶ ಪರೀಕ್ಷೆ ನೀಟ್ ಪಿಜಿ ಎರಡ್ಸಲ ಬರೆದೆ, ಈ ಸಲದ ರ್ಯಾಂಕಿಗೆ ಜನರಲ್ ಮೆಡಿಸಿನ್ ಕನಸು, ಪೆಥಾಲಜಿ (ಲ್ಯಾಬಲ್ಲಿ ಅಂಗಾಂಶ ನೋಡಿ ರೋಗ ಹೇಳೋ ವಿಭಾಗ) ಸಿಗಬಹುದು. ಅಮ್ಮ ದಿನಾ ಫೋನ್ ಮಾಡಿ "ಬರೀ ಎಂಬಿಬಿಎಸ್‌ಗೆ ಹೆಣ್ಣು ಕೊಡೋರ್ಯಾರೋ" ಅಂತಾಳೆ.

ಕೆಲ್ಸ ಬೇಜಾರಿಲ್ಲ, ಬೇಜಾರು ಬೇರೆನೇ. ಹೋದ ತಿಂಗ್ಳು ಸಂಜೆ ಅಡಿಕೆ ತೋಟದಿಂದ ಒಬ್ರನ್ನ ಹೊತ್ಕೊಂಡು ಬಂದ್ರು, ಪಾದಕ್ಕೆ ಹಾವು ಕಚ್ಚಿದೆ, ಊತ ಮಂಡಿವರೆಗೆ ಏರಿದೆ. ಗಾಜಿನ ಟ್ಯೂಬಿಗೆ 2 ಎಂಎಲ್ ರಕ್ತ ಹಾಕಿ ಅಲ್ಲಾಡಿಸ್ದೆ 20 ನಿಮಿಷ ಇಟ್ಟು ಆಮೇಲೆ ಓರೆ ಮಾಡಿದ್ರೆ ನೀರಿನ ಥರ ಹರೀತು, ಹೆಪ್ಪೇ ಕಟ್ಟಿಲ್ಲ. ಕೊಳಕುಮಂಡಲನೇ ಅಂದ್ಕೊಂಡು 10 ವಯಲ್ ಎಎಸ್‌ವಿ (ಹಾವಿನ ವಿಷಕ್ಕೆ ಪ್ರತಿವಿಷ) ಶುರು ಮಾಡಿ 108ಲಿ ಕಳ್ಸಿದೆ. ಅಷ್ಟೇ. ಬದುಕಿದ್ರಾ, ಕಿಡ್ನಿ ಏನಾಯ್ತು, ಗೊತ್ತಿಲ್ಲ. ಆಂಬ್ಯುಲೆನ್ಸ್ ಬಾಗ್ಲು ಹಾಕಿದ್ರೆ ನನ್ ಪಾಲಿಗೆ ಪೇಷೆಂಟ್ ಮುಗೀತು. ಮಿಕ್ಕಿದ್ದೆಲ್ಲ ಪೋರ್ಟಲ್ ಎಂಟ್ರಿ, ತಾಲ್ಲೂಕು ಮೀಟಿಂಗು, ಡಿಸೆಂಬರ್ ಬಂದ್ರೆ ಮಂಗನ ಕಾಯಿಲೆಗೆ, ಉಣ್ಣಿ ಕಚ್ಚದ ಹಾಗೆ ಹಚ್ಕೊಳ್ಳೋ ಡೇಪಾ ಎಣ್ಣೆ ಹಂಚೋದು. ನಾಡಿದ್ದು ಆಪ್ಷನ್ ಎಂಟ್ರಿಗೆ, ಅಂದ್ರೆ ಬೇಕಾದ ಸೀಟು ಕ್ರಮವಾಗಿ ಹಾಕೋಕೆ, ಕೊನೇ ದಿನ. ಏನ್ ಮಾಡ್ಲಿ?

ಸ್ಲೈಡ್_ನೋಡೋನು:
ನಾನು ಪೆಥಾಲಜಿ, ಪಾಸಾಗಿ ಆರು ವರ್ಷ. ಸಿಕ್ತು ಅಂತ ಸೇರಿದೋನು, ಇಷ್ಟಪಟ್ಟಲ್ಲ. ಮೊದಲ್ನೇ ವರ್ಷ ಗ್ರಾಸಿಂಗ್ ಟೇಬಲ್ (ಆಪರೇಷನ್‌ಲಿ ತೆಗೆದ ಭಾಗ ಕತ್ತರಿಸಿ ನೋಡೋ ಮೇಜು) ಮುಂದೆ ಫಾರ್ಮಲಿನ್ ಘಾಟಿಗೆ ಕಣ್ಣಲ್ಲಿ ನೀರು, ಅದ್ರಲ್ಲಿ ಅರ್ಧ ನಿಜವಾದ ಅಳುನೇ. ಈಗ ಇಷ್ಟ ಆಗಿದೆ, ಸುಳ್ಳು ಹೇಳಲ್ಲ. ಆಪರೇಷನ್ ಥಿಯೇಟರ್‌ನಿಂದ ಫ್ರೋಜನ್ ಸೆಕ್ಷನ್ (ತಕ್ಷಣ ಹೆಪ್ಪುಗಟ್ಟಿಸಿ ನೋಡೋ ತುಣುಕು) ಬರುತ್ತೆ, ಅಲ್ಲಿ ಸರ್ಜನ್ ಕೈ ಕಟ್ಕೊಂಡು ನಿಂತಿರ್ತಾರೆ, ಇನ್ನೂ ತೆಗೀಬೇಕಾ ಹೊಲಿಗೆ ಹಾಕ್ಬೋದಾ ಅಂತ ನಾನ್ ಹೇಳ್ಬೇಕು, ಆ ಹತ್ತಿಪ್ಪತ್ತು ನಿಮಿಷ ಮಜಾನೇ ಬೇರೆ. ಆದ್ರೆ ನಿಮ್ ದೂರು ಓದಿ ನಗು ಬಂತು ಮಾರಾಯ್ರೆ. ಪೇಷೆಂಟ್ ಮುಂದೆ ಏನಾದ್ರು ಗೊತ್ತಾಗಲ್ಲ ಅಂತ ಪೆಥಾಲಜಿಗೆ ಬರ್ತೀರಾ? ನಮಗೆ ಮುಖಾನೇ ಇಲ್ಲ, ಬರೀ ಮೇಣದಲ್ಲಿ ಕೂರಿಸಿದ ತುಣುಕಿನ ಬ್ಲಾಕ್ ನಂಬರ್ರು.

ಕಾಫಿಪುಡಿ:
ಸೀಟ್ ತಗೋ ಗುರು. ಇಂಥ ಪ್ರಶ್ನೆ ಬಂದ್ರೆ ಸಾಕು ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರಿಗೆ ಚಿಕಿತ್ಸೆ ಕೊಟ್ಟ ಸುದರ್ಶನ್ ಡಾಕ್ಟ್ರ ಉದಾಹರಣೆ ಕೊಡೋರು ಬರ್ತಾರೆ ನೋಡ್ತಿರು. ಅವರಿಗೆ 1994ರಲ್ಲಿ ರೈಟ್ ಲೈವ್ಲಿಹುಡ್ ಪ್ರಶಸ್ತಿ ಬಂತು, ಕಾಂಟ್ರಾಕ್ಟ್ ಡಾಕ್ಟ್ರಿಗೆ ಸಂಬ್ಳ ಟೈಮಿಗೆ ಬಂದ್ರೆ ಅದೇ ಪ್ರಶಸ್ತಿ.

ಹಳೇ_ಸ್ಟೆತ್:
ತಾಲ್ಲೂಕು ಊರಲ್ಲಿ 27 ವರ್ಷದಿಂದ ಕ್ಲಿನಿಕ್ ನಡೆಸ್ತಿದೀನಿ, ನಾನೂ ಬರೀ ಎಂಬಿಬಿಎಸ್ಸೇ, ಹೆಣ್ಣೂ ಕೊಟ್ರು. ಒಂದ್ ಮಾತು ಕೇಳ್ತೀನಿ ಬೇಜಾರ್ ಮಾಡ್ಕೋಬೇಡಿ: ಗೊತ್ತಿಲ್ಲ ಅಂತ ಬರ್ದಿದೀರಲ್ಲ, ಫೋನ್ ಮಾಡಿದ್ರಾ? ನನ್ನ ಮೇಜಿನ ಮೇಲೆ ಒಂದು 200 ಪೇಜಿನ ನೋಟ್‌ಬುಕ್ ಇದೆ, ಯಾರನ್ನ ಎಲ್ಲಿಗೆ ಕಳ್ಸಿದೆ, ಏನು ಅಂದ್ಕೊಂಡು ಕಳ್ಸಿದೆ, ಮನೆಯೋರ ನಂಬರ್. ವಾರಕ್ಕೊಂದಿನ ಕೂತು ಫೋನ್ ಮಾಡ್ತೀನಿ. ಅರ್ಧಕ್ಕರ್ಧ ನಾನ್ ಅಂದ್ಕೊಂಡಿದ್ದು ತಪ್ಪಿರುತ್ತೆ, ಒಂದ್ಸಲ ಗ್ಯಾಸ್ಟ್ರಿಕ್ ಅಂತ ಮೂರ್ ದಿನ ಇಟ್ಕೊಂಡಿದ್ದ ಹೆಂಗಸಿಗೆ ಹಾರ್ಟ್ ಅಟ್ಯಾಕ್ ಆಗಿತ್ತು, ಅದನ್ನೂ ಆ ಬುಕ್ಕಲ್ಲೇ ಬರ್ದಿದೀನಿ. ನಾನು ಕಲ್ತಿದ್ದು ಹಿಂಗೇ.

ಇನ್ನು ಸೀಟಿನ ವಿಷ್ಯ. ಎಂಸಿಸಿ (ಸೀಟು ಹಂಚೋ ಕೇಂದ್ರ ಸಮಿತಿ) ಲಿಸ್ಟಲ್ಲಿ ಡಿಎನ್‌ಬಿ ಫ್ಯಾಮಿಲಿ ಮೆಡಿಸಿನ್ ಅಂತ ಒಂದು ಪಿಜಿ ಕೋರ್ಸ್ ಇರುತ್ತೆ, ಮೂರು ವರ್ಷ, ಜನ ಸ್ಕ್ರೋಲ್ ಮಾಡಿ ಮುಂದೆ ಹೋಗ್ತಾರೆ. ಮೆಡಿಸಿನ್, ಸರ್ಜರಿ, ಹೆರಿಗೆ, ಮಕ್ಕಳು ಎಲ್ಲಾ ವಾರ್ಡಲ್ಲೂ ತಿರುಗಿಸ್ತಾರೆ. ನಿಮ್ ವಯಸ್ಸಲ್ಲಿ ನನಗೆ ಯಾರಾದ್ರೂ ಹೇಳಿದ್ರೆ ಹೋಗ್ತಿದ್ದೆ.

ಮಲ್ನಾಡ್_ಎಂಓ:
ಹಳೇ ಸ್ಟೆತ್ ಸರ್, ಮಾಡಿರ್ಲಿಲ್ಲ. ಇವತ್ತು ಓಪಿಡಿ ಮುಗ್ಸಿ ರೆಫರ್ ಚೀಟಿ ಕಾರ್ಬನ್ ಕಾಪಿ ಹುಡುಕಿ ಮೂರು ನಂಬರ್‌ಗೆ ಹಚ್ಚಿದೆ. ಎರಡು ಸ್ವಿಚ್ ಆಫ್. ಮೂರನೇದು ಹಾವು ಕಚ್ಚಿದೋರದ್ದು, ಮಗ ಎತ್ತಿದ. ನಾಲ್ಕ್ ಸಲ ಡಯಾಲಿಸಿಸ್ ಆಯ್ತಂತೆ, ಈಗ ಮನೇಲಿದಾರೆ, ಮೂತ್ರ ಸರಿ ಹೋಗ್ತಿದೆ. ಆಪ್ಷನ್‌ನಲ್ಲಿ ಫ್ಯಾಮಿಲಿ ಮೆಡಿಸಿನ್ ಮೇಲೆ ಹಾಕಿದೀನಿ, ಪೆಥಾಲಜಿ ಕೆಳಗೆ, ಅಮ್ಮಂಗೆ ಇನ್ನೂ ಹೇಳಿಲ್ಲ. ಫೋನ್ ಇಡೋಷ್ಟರಲ್ಲಿ ಹಿಂದಿನಿಂದ ಅವ್ರಪ್ಪ ಕೂಗ್ತಿದ್ರು, ನನ್ ಎಡಗಾಲಿನ ಚಪ್ಲಿ ಅಲ್ಲೇ ಬಿಟ್ ಬಂದಿದೀನಿ ಇದ್ಯಾ ಕೇಳು ಅಂತ. ಇದೆ, ಡ್ರೆಸ್ಸಿಂಗ್ ರೂಮ್ ಬೆಂಚಿನ ಕೆಳಗೆ.